ನೀಲಿ ನೊರೆ ಯಾರದು?

ಡ್ರೈವಿಂಗ್ ಮೇಷ್ಟ್ರಿಗೆ ಎರಡರ ಮೇಲೆ ಪ್ರಾಣ. ಒಂದು ಅವರ ಕಾರು, ಇನ್ನೊಂದು ಅವರ ಮಾವ. ಈ ಲೆಕ್ಕದಲ್ಲಿ ಹೆಂಡತಿ ಎಲ್ಲಿ ಬಂದಳು ಅಂತ ನೀವು ಕೇಳಬಹುದು. ಅವಳೂ ಅದನ್ನೇ ಕೇಳುತ್ತಿದ್ದಳು. ಆ ಕಾರಿಗೆ ಮಾಡುವ ಸೇವೆಯಲ್ಲಿ ಕಾಲುಭಾಗ ತನಗೆ ಮಾಡಿದ್ದರೆ ತಾನೂ ಹಾಗೇ ಥಳಥಳ ಹೊಳೆಯುತ್ತಿದ್ದೆ ಅನ್ನುವುದು ಅವಳ ದಿನನಿತ್ಯದ ಮಾತು.

ಕಾರಿನ ವಿಷಯಕ್ಕೆ ಬಂದರೆ, ಪಾಪ, ಅದೊಂದು ಬಡಪಾಯಿ. ಕಲಿಯುವವರ ಕೈಗೆ ಸಿಕ್ಕಿ ದಿನವಿಡೀ ಜರ್ಕು ಹೊಡೆದು, ಫುಟ್‌ಪಾತ್ ಹತ್ತಿ, ಕಂಬಕ್ಕೆ ಮುತ್ತಿಟ್ಟು, ಸಂಜೆ ಉಸ್ಸಪ್ಪಾ ಅಂತ ಮನೆಗೆ ಬರುವ ಕಾರು. ಅದಕ್ಕೆ ಎರಡು ಬ್ರೇಕು. ಒಂದು ಕಲಿಯುವವನ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಮೇಷ್ಟ್ರ ಕಾಲ ಕೆಳಗೆ. ಆ ಎರಡನೇ ಬ್ರೇಕಿನ ದೆಸೆಯಿಂದಲೇ ಊರಿನ ಎಷ್ಟೋ ಜನ ಇನ್ನೂ ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದಾರೆ ಅಂತ ಮೇಷ್ಟ್ರು ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೂ ಅಲ್ಲ ಬಿಡಿ. ಇಷ್ಟು ಕಷ್ಟಪಡುವ ಕಾರಿಗೆ ಬೆಳಗ್ಗೆ ಒಂದು ಸ್ನಾನವಾದರೂ ಬೇಡವೇ? ದಿನಾ ಬೆಳಗಾಗುತ್ತಲೇ ಗೇಟಿನ ಮುಂದೆ ನೀರಿನ ಪೈಪು, ಬಕೆಟ್ ತುಂಬ ಸೋಪಿನ ನೊರೆ, ಚಕ್ರಕ್ಕೆ ಬೇರೆ ಬ್ರಶ್ಶು, ಗಾಜಿಗೆ ಬೇರೆ ಬಟ್ಟೆ. ನೊರೆಯೆಲ್ಲ ಕಾರಿನಿಂದಿಳಿದು ರಸ್ತೆಯಂಚಿನ ಕಬ್ಬಿಣದ ಜಾಲರಿಯೊಳಗೆ ಗುಳುಗುಳು ಅಂತ ಮಾಯವಾಗುತ್ತಿತ್ತು. ಎಲ್ಲಿಗೆ ಹೋಗುತ್ತೆ ಅಂತ ಮೇಷ್ಟ್ರು ತಲೆ ಕೆಡಿಸಿಕೊಂಡವರೇ ಅಲ್ಲ. ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತೋ ಅಲ್ಲಿಗೇ. ನಗರಸಭೆಯವರು ಅದನ್ನು ಎಲ್ಲೋ ಶುದ್ಧ ಮಾಡುತ್ತಾರೆ. ಇಲ್ಲದಿದ್ದರೆ ತೆರಿಗೆ ಯಾಕೆ ತಗೊಳ್ಳುತ್ತಾರೆ? ಅವರ ಪಾತಾಳಜ್ಞಾನ ಅಲ್ಲಿಗೆ ಮುಗಿಯುತ್ತಿತ್ತು.

ಬೀದಿ ಇಳಿಜಾರಿನದು. ಮೇಲಿನ ತುದಿಯಲ್ಲಿ ಸ್ಕೂಟರ್ ಮೆಕ್ಯಾನಿಕ್ಕಿನ ಶೆಡ್ಡು, ಕೆಳಗಿನ ತುದಿಯಲ್ಲಿ ಒಂದು ಕೊಳ, ಕೊಳದ ದಡದಲ್ಲಿ ಕಲ್ಲು ಬೆಂಚು, ಬೆಂಚಿನ ಮೇಲೆ ಮಾವ. ಮಾವ ಆಯುಷ್ಯವೆಲ್ಲ ನದಿಯಲ್ಲಿ ಜನರನ್ನು ದಾಟಿಸುವ ಲಾಂಚು ಓಡಿಸಿದವರು. ಅತ್ತೆ ತೀರಿಕೊಂಡ ಮೇಲೆ ದೊಡ್ಡ ಮಗಳ ಮನೆಗೆ ಬಂದಿದ್ದರು. ಬೆಳಗ್ಗೆ ಎದ್ದು ಒಂದಿಷ್ಟು ನೀರು ನೋಡದಿದ್ದರೆ ಅವರಿಗೆ ದಿನವೇ ಶುರುವಾಗುತ್ತಿರಲಿಲ್ಲ. ನದಿ ಇಲ್ಲದಿದ್ದರೆ ಹೋಗಲಿ, ಕೊಳವಾದರೂ ಸೈ. ಅವರಷ್ಟು ಸಾಧು ಮನುಷ್ಯ ಇನ್ನೊಬ್ಬರಿಲ್ಲ. ಕಾಫಿ ಆರಿ ತಣ್ಣಗಾಗಿದ್ದರೂ ಚೆನ್ನಾಗಿದೆ, ಫ್ಯಾನು ಕಿರ್ರೋ ಅಂದರೂ ಗಾಳಿ ಹಾಯಾಗಿದೆ, ಎಲ್ಲದಕ್ಕೂ ಹೂಂ. ಸಂಜೆ ಮೇಷ್ಟ್ರು ತಮ್ಮ ಶಿಷ್ಯರ ಪ್ರತಾಪ ಬಣ್ಣಿಸಲು ಕೂತರೆ ಹೆಂಡತಿ ನೆಪ ಹುಡುಕಿ ಎದ್ದುಹೋಗುತ್ತಿದ್ದಳು. ಮಾವ ಮಾತ್ರ ಕೇಳಿದ್ದನ್ನೇ ಹೊಸದಾಗಿ ಕೇಳುವವರ ಹಾಗೆ ಕೂತು ಕೇಳುತ್ತಿದ್ದರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡಿದ್ದ ಮೇಷ್ಟ್ರಿಗೆ, ಮನೆಗೆ ಬಂದಾಗ ಇವತ್ತೇನು ಸಮಾಚಾರ ಅಂತ ಕೇಳುವ ಹಿರಿಯರೊಬ್ಬರು ಸಿಕ್ಕಿದ್ದು ನಿಧಿ ಸಿಕ್ಕಿದ ಹಾಗಾಗಿತ್ತು.

ಅಂಥ ಮಾವ ಒಂದು ಸಂಜೆ ಊಟದ ಮಧ್ಯೆ, ನೀರು ಕೊಡಿ ಅನ್ನುವಷ್ಟು ಮೆಲ್ಲಗೆ, ಬರುವ ಭಾನುವಾರ ಚಿಕ್ಕ ಮಗಳ ಮನೆಗೆ ಹೋಗುತ್ತೇನೆ ಅಂದುಬಿಟ್ಟರು. ಎಷ್ಟು ದಿನಕ್ಕೆ ಅಂತ ಮಗಳು ಕೇಳಿದಳು. ಇನ್ನು ಅಲ್ಲೇ ಇದ್ದುಬಿಡೋಣ ಅಂತಿದ್ದೀನಿ ಅಂದರು. ಮೇಷ್ಟ್ರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಕಾರಣ ಕೇಳಿದರೆ, ಕೊಳ ಹಾಳಾಗಿದೆ, ಬಾತುಕೋಳಿಗಳು ಜಾಗ ಖಾಲಿ ಮಾಡಿವೆ, ಕಪ್ಪೆಗಳ ಸದ್ದಿಲ್ಲ, ಮೋರಿಯಿಂದ ಏನೇನೋ ಬರುತ್ತೆ, ವಾಸನೆಗೆ ಕೂರೋಕಾಗಲ್ಲ ಅಂದರು. ಏನು ಬರುತ್ತೆ, ಯಾರ ಮನೆಯದು ಅಂತ ಮೇಷ್ಟ್ರು ಮೈಮೇಲೆ ಬಂದವರ ಹಾಗೆ ಕೇಳಿದರು. ಮಾವ ತಟ್ಟೆ ನೋಡಿಕೊಂಡು, ಯಾರದೋ ಏನೋ ಬಿಡಿ ಅಂದರು.

ಚಿಕ್ಕ ಮಗಳ ಮನೆ ಅಂದರೆ ಷಡ್ಡಕನ ಮನೆ. ಹಾ, ಅಲ್ಲಿದೆ ನೋಡಿ ಹೊಟ್ಟೆಯುರಿ. ಷಡ್ಡಕನದು ಫರ್ನಿಚರ್ ಅಂಗಡಿ. ಅವನ ಸೋಫಾ ಮೇಷ್ಟ್ರ ಸೋಫಾಕ್ಕಿಂತ ಮೆತ್ತಗೆ, ಅವನ ಟೀವಿ ಮೇಷ್ಟ್ರ ಟೀವಿಗಿಂತ ಅಗಲ, ಸಾಲದ್ದಕ್ಕೆ ಅವನ ಬಾಲ್ಕನಿಯಿಂದ ನದಿ ಕಾಣುತ್ತದೆ. ಇಷ್ಟನ್ನೂ ಮೇಷ್ಟ್ರು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದರು. ಈಗ ಮಾವನನ್ನೂ ಅವನೇ ಹೊಡೆದುಕೊಂಡು ಹೋದರೆ ಮೇಷ್ಟ್ರಿಗೆ ಉಳಿಯುವುದೇನು? ರಾತ್ರಿ ಹೆಂಡತಿಯ ಹತ್ತಿರ ಅವರು ಖಡಾಖಂಡಿತವಾಗಿ ಹೇಳಿದರು, ಭಾನುವಾರದೊಳಗೆ ಆ ಕೊಳ ಕೆಡಿಸಿದ ಪುಣ್ಯಾತ್ಮನನ್ನು ಹಿಡಿದು ಮಾವನ ಮುಂದೆ ನಿಲ್ಲಿಸುತ್ತೇನೆ, ಆಮೇಲೆ ಮಾವ ಹೇಗೆ ಹೋಗ್ತಾರೋ ನೋಡ್ತೀನಿ ಅಂತ.

ಅನುಮಾನಿತರಿಗೇನು ಬರವೇ? ಮೆಕ್ಯಾನಿಕ್ಕಿನ ಶೆಡ್ಡಿನ ಮುಂದಿನ ನೆಲ ಎಣ್ಣೆ ಕುಡಿದು ಕಾಡಿಗೆಯ ಹಾಗಾಗಿತ್ತು. ಪಕ್ಕದ ಮನೆಯ ನಿವೃತ್ತ ಗಣಿತದ ಟೀಚರಮ್ಮ ಗುಲಾಬಿ ಗಿಡಗಳಿಗೆ ಹಾಕುವ ಗೊಬ್ಬರದಲ್ಲಿ ಅರ್ಧ ಗಿಡಕ್ಕೆ, ಅರ್ಧ ರಸ್ತೆಗೆ; ಬೀದಿಯವರೆಲ್ಲ ಅವರನ್ನು ಗುಲಾಬಿ ಟೀಚರ್ ಅಂತಲೇ ಕರೆಯುತ್ತಿದ್ದರು. ಎದುರುಮನೆಯ ಹಲ್ಲಿನ ಡಾಕ್ಟರರ ನಾಯಿ ಕರುವಿನಷ್ಟು ದೊಡ್ಡದು, ಅದರ ಬೆಳಗಿನ ವ್ಯವಹಾರವೂ ಆ ಅಳತೆಗೆ ತಕ್ಕದ್ದೇ. ಡಾಕ್ಟರು ಅದನ್ನು ಕಾಲಿನಿಂದ ಚರಂಡಿಗೆ ತಳ್ಳಿ, ಆಕಾಶ ನೋಡುತ್ತಾ ಮುಂದೆ ಹೋಗುತ್ತಿದ್ದರು. ಮೇಷ್ಟ್ರು ಮೂವರನ್ನೂ ತಮ್ಮ ಗೇಟಿನ ಮುಂದೆ ಕರೆದು ನಿಲ್ಲಿಸಿ, ಲೈಸೆನ್ಸ್ ಪರೀಕ್ಷೆಗೆ ಮುಂಚೆ ಶಿಷ್ಯರಿಗೆ ಮಾಡುವಂಥ ಭಾಷಣ ಮಾಡಿದರು. ಯಾರ ಮನೆಯಿಂದ ಕೊಳಕು ಹೋಗುತ್ತಿದೆ ಅನ್ನುವುದನ್ನು ಭಾನುವಾರ ಎಲ್ಲರೆದುರೇ ಪತ್ತೆ ಮಾಡುತ್ತೇನೆ. ಸಿಕ್ಕಿಬಿದ್ದವರು ಮಾವನವರ ಕ್ಷಮೆ ಕೇಳಬೇಕು, ಮೋರಿಯ ಬಾಯನ್ನು ತಮ್ಮ ಕೈಯಾರೆ ಬಾಚಿ ಸ್ವಚ್ಛ ಮಾಡಬೇಕು. ಮೂವರೂ ಒಪ್ಪಿದರು. ಪ್ರತಿಯೊಬ್ಬರಿಗೂ ಉಳಿದಿಬ್ಬರ ಮೇಲೆ ಪೂರ್ತಿ ಭರವಸೆಯಿತ್ತು.

ಪತ್ತೆಯ ಉಪಾಯ ಮೇಷ್ಟ್ರದೇ. ಬೇಕರಿಯವನ ಹತ್ತಿರ ಕೇಕಿಗೆ ಹಾಕುವ ಬಣ್ಣದ ಬಾಟಲಿಗಳನ್ನು ತಂದರು. ಹಳದಿ ಮೆಕ್ಯಾನಿಕ್ಕಿಗೆ, ಕೆಂಪು ಗುಲಾಬಿ ಟೀಚರಿಗೆ, ಹಸಿರು ಡಾಕ್ಟರಿಗೆ. ಒಬ್ಬೊಬ್ಬರ ಮನೆ ಮುಂದಿನ ಚರಂಡಿಗೂ ಒಂದೊಂದು ಬಣ್ಣ ಸುರಿದರೆ, ಕೊಳದ ಮೋರಿಯಲ್ಲಿ ಯಾವ ಬಣ್ಣ ಬರುತ್ತೋ ಅವರೇ ಕಳ್ಳರು. ಹೊಸ ಅಪರಾಧಿ ಯಾರಾದರೂ ಸಿಕ್ಕರೆ ಇರಲಿ ಅಂತ ಒಂದು ನೀಲಿಯನ್ನೂ ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟರು. ನಮ್ಮ ಗೇಟಿನ ಜಾಲರಿಗೆ ಯಾವ ಬಣ್ಣ ಅಂತ ಹೆಂಡತಿ ಕೇಳಿದಳು. ಮೇಷ್ಟ್ರಿಗೆ ನಗು ಬಂತು. ನಮ್ಮದು ದೊಡ್ಡ ಪೈಪಿಗೆ ಹೋಗುತ್ತೆ ಕಣೇ, ನಿನಗೆ ಇದೆಲ್ಲ ಗೊತ್ತಾಗಲ್ಲ ಅಂದರು. ಅವಳು ಮುಂದೆ ತುಟಿಪಿಟಕ್ಕೆನ್ನಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಎಲ್ಲಿ ಸುಮ್ಮನಿದ್ದರೆ ಮಜಾ ಬರುತ್ತೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಬಂತು. ಬಣ್ಣದ ಗಡಿಬಿಡಿಯಲ್ಲಿ ಮೇಷ್ಟ್ರು ಆ ಬೆಳಗ್ಗೆ ಕಾರಿಗೆ ಸ್ನಾನ ಮಾಡಿಸುವುದನ್ನೇ ಮರೆತರು. ಮೂರು ಚರಂಡಿಗೂ ಒಂದೊಂದು ಚೊಂಬು ಬಣ್ಣದ ನೀರು ಸುರಿದು, ಎಲ್ಲರನ್ನೂ ಕೊಳದ ಹತ್ತಿರ ಒಟ್ಟುಗೂಡಿಸಿದರು. ಮೆಕ್ಯಾನಿಕ್ಕು ಬಂದ, ಗುಲಾಬಿ ಟೀಚರ್ ಮಡಚುವ ಕುರ್ಚಿ ಹಿಡಿದುಕೊಂಡು ಬಂದರು, ಡಾಕ್ಟರನ್ನು ನಾಯಿ ಎಳೆದುಕೊಂಡು ಬಂತು. ಷಡ್ಡಕನೂ ಆಗಲೇ ಹಾಜರು. ಮಾವನ ಸೂಟ್‌ಕೇಸು ಅವನ ಕಾರಿನ ಡಿಕ್ಕಿ ಸೇರಿಯಾಗಿತ್ತು. ಬೆಂಚಿನ ಮೇಲೆ ಮಾವನ ಪಕ್ಕ ಮೈಗೆ ಮೈ ತಾಗಿಸಿ ಕೂತು, ನಮ್ಮ ಬಾಲ್ಕನೀಲಿ ಗಾಳಿ ಅಂದ್ರೆ ಗಾಳಿ ಮಾವ, ಅಂತ ಹಲ್ಲು ಕಿಸಿಯುತ್ತಿದ್ದ. ಮೇಷ್ಟ್ರು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೋರಿಯ ಬಾಯನ್ನೇ ನೋಡಿದರು. ಹಳದಿ ಇಲ್ಲ, ಕೆಂಪಿಲ್ಲ, ಹಸಿರೂ ಇಲ್ಲ. ಬಿಸಿಲಿಗೆ ಕಾದ ಚರಂಡಿ ಒಂದು ಚೊಂಬು ನೀರನ್ನು ಅಲ್ಲಲ್ಲೇ ಕುಡಿದು ಮುಗಿಸಿತ್ತು. ಮೇಷ್ಟ್ರಿಗೆ ಅದು ಹೊಳೆಯಲಿಲ್ಲ. ದಿನಾ ಈ ಹೊತ್ತಿಗೆ ನೊರೆ ಬರುತ್ತಿತ್ತಲ್ಲ, ಇವತ್ತು ಅದೂ ಇಲ್ಲವಲ್ಲ ಅಂತ ಗುಲಾಬಿ ಟೀಚರ್ ಅಂದರು. ಮೇಷ್ಟ್ರು ಪತ್ತೇದಾರರ ಗತ್ತಿನಲ್ಲಿ, ಕಳ್ಳ ಹೆದರಿದ್ದಾನೆ ಟೀಚರ್, ಅದಕ್ಕೇ ಇವತ್ತು ಬಾಲ ಮುದುರಿಕೊಂಡಿದ್ದಾನೆ ಅಂದರು. ಮಾವ ಕೆಮ್ಮಿದರು. ಆ ಕೆಮ್ಮಿನ ಅರ್ಥ ಆಗ ಯಾರಿಗೂ ತಿಳಿಯಲಿಲ್ಲ.

ಷಡ್ಡಕ ಗಡಿಯಾರ ನೋಡಿಕೊಂಡ. ಹೊರಡೋಣವಾ ಮಾವ ಅಂದ. ಮೇಷ್ಟ್ರು, ಒಂದೇ ನಿಮಿಷ ಇರಿ, ನೀಲಿ ಬಾಟಲಿ ತರುತ್ತೇನೆ, ಮೆಕ್ಯಾನಿಕ್ಕಿನ ಚರಂಡಿಗೆ ಇನ್ನೊಂದು ಸಲ ಸುರಿದು ನೋಡೋಣ, ನನಗೆ ಅವನ ಮೇಲೇ ಅನುಮಾನ ಅಂದವರೇ ಏದುಸಿರು ಬಿಡುತ್ತಾ ಮನೆಗೆ ಓಡಿದರು. ಕಾರಿನ ಬಾಗಿಲು ತೆಗೆದು ನೋಡುತ್ತಾರೆ, ಬಾಟಲಿ ಮಗುಚಿ ಬಿದ್ದು ಸೀಟು, ಮ್ಯಾಟು, ನೆಲ ಎಲ್ಲ ನೀಲಿಯೋ ನೀಲಿ.

ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಮುಚ್ಚಿ, ಆಮೇಲೆ ನೋಡಿಕೊಂಡರಾಯಿತು ಅಂತ ವಾಪಸ್ಸು ಓಡುತ್ತಿದ್ದರು. ಅಲ್ಲಿ ಮಾವ ಕೈತಪ್ಪಿ ಹೋಗುತ್ತಿದ್ದಾರೆ ಸ್ವಾಮಿ, ಇಲ್ಲಿ ಸೀಟಿನ ಚಿಂತೆಯೇ? ಆದರೆ ಕಾರು ಕೊಳಕಾದರೆ ಮೇಷ್ಟ್ರ ತಲೆ ಮೇಷ್ಟ್ರ ಮಾತು ಕೇಳುತ್ತಿರಲಿಲ್ಲ. ಬಣ್ಣ ಒಣಗಿದರೆ ಜನ್ಮದಲ್ಲಿ ಹೋಗಲ್ಲ ಅಂದುಕೊಂಡು ಮ್ಯಾಟುಗಳನ್ನು ಎಳೆದುಹಾಕಿದರು, ಬಕೆಟ್ಟಿಗೆ ದಿನಕ್ಕಿಂತ ಎರಡು ಪಟ್ಟು ಸೋಪಿನ ಪುಡಿ ಸುರಿದರು, ಪೈಪನ್ನು ಪೂರ್ತಿ ತಿರುಗಿಸಿದರು. ಗಸಗಸ ತಿಕ್ಕಿದ್ದೇ ತಿಕ್ಕಿದ್ದು. ನೀಲಿ ನೊರೆ ಗೇಟು ದಾಟಿ, ಜಾಲರಿಯೊಳಗೆ ಗುಳುಗುಳು ಅಂತ ಇಳಿಯಿತು. ಅವರು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಕೆಳಗಿನಿಂದ ಗದ್ದಲ ಕೇಳಿಸಿತು. ಬಂತು, ಬಂತು ಅಂತ ಜನ ಕೂಗುತ್ತಿದ್ದರು. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಕೈಯಲ್ಲಿದ್ದ ಸ್ಪಂಜು ಕೈಯಲ್ಲೇ ಹಿಡಿದು ಇಳಿಜಾರಿನಲ್ಲಿ ಬ್ರೇಕಿಲ್ಲದ ಗಾಡಿಯ ಹಾಗೆ ಓಡಿದರು. ಮೋರಿಯ ಬಾಯಿಂದ ನೀಲಿ ನೊರೆ ಉಬ್ಬುಬ್ಬಿ ಬಂದು ಕೊಳದ ಮೇಲೆ ಹರಡುತ್ತಿತ್ತು. ಅಂಥ ಚಂದದ ನೊರೆಯನ್ನು ಆ ಕೊಳ ಕಂಡೇ ಇರಲಿಲ್ಲ.

"ಯಾರದು?" ಅಂತ ಮೇಷ್ಟ್ರು ಗುಡುಗಿದರು. "ನೀಲಿ ಯಾರದು, ಈಗ ಹೇಳಿ!"

ಎಲ್ಲರೂ ಅವರ ಕೈ ನೋಡುತ್ತಿದ್ದರು. ನಾಯಿ ಮಾತ್ರ ಹತ್ತಿರ ಬಂದು ಆ ಕೈಯನ್ನು ಮೂಸಿ, ಸೀನಿ, ಹಿಂದೆ ಸರಿಯಿತು.

ಗುಲಾಬಿ ಟೀಚರ್ ಕುರ್ಚಿಯಿಂದ ಏಳದೆಯೇ, ಬೋರ್ಡಿನ ಮುಂದೆ ಲೆಕ್ಕ ಬಿಡಿಸುವ ದನಿಯಲ್ಲಿ ಕೇಳಿದರು. "ಹಳದಿ ಅವನಿಗೆ, ಕೆಂಪು ನನಗೆ, ಹಸಿರು ಡಾಕ್ಟ್ರಿಗೆ. ನೀಲಿ ಯಾರಿಗೆ ಅಂದ್ರಿ ಮೇಷ್ಟ್ರೇ?"

ಆಗ ಮೇಷ್ಟ್ರು ತಮ್ಮ ಕೈ ನೋಡಿಕೊಂಡರು. ಮೊಣಕೈವರೆಗೂ ನೀಲಿ, ಸ್ಪಂಜು ನೀಲಿ, ಅಂಗಿಯ ಮೇಲೆ ನೀಲಿ. ಮೋರಿ ನೋಡಿದರು, ಕೈ ನೋಡಿದರು, ಬೀದಿಯ ಮೇಲ್ಗಡೆ ತಮ್ಮ ಗೇಟು ನೋಡಿದರು. ಜನರ ನಗು ಒಡೆದದ್ದು ಆಮೇಲೆ. ಮೆಕ್ಯಾನಿಕ್ಕು ನೆಲಕ್ಕೆ ಕೂತು ನಕ್ಕ. ಷಡ್ಡಕನಂತೂ ಹೊಟ್ಟೆ ಹಿಡಿದುಕೊಂಡು ಕಣ್ಣೀರು ಒರೆಸಿಕೊಂಡ. ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ನಗದೇ ಇದ್ದವರು ಇಬ್ಬರೇ, ಮಾವ ಮತ್ತು ಮೇಷ್ಟ್ರ ಹೆಂಡತಿ. ಅವಳು ನಗಲೆಂದೇ ಬಂದಿದ್ದಳು, ಆದರೆ ಗಂಡನ ಮುಖ ನೋಡಿ ಅವಳಿಗೆ ನಗು ಬರಲಿಲ್ಲ.

ಮೇಷ್ಟ್ರು ಮಾವನ ಮುಂದೆ ಹೋಗಿ ನಿಂತರು. ಕೈಮುಗಿಯಲು ಹೋದರು, ಸ್ಪಂಜು ಅಡ್ಡ ಬಂತು.

"ನಿಮಗೆ ಗೊತ್ತಿತ್ತಾ?" ಅಂದರು.

ಮಾವ ಕೊಳದ ಕಡೆ ನೋಡಿದರು. "ಗೊತ್ತಿಲ್ದೆ ಏನು? ಮೇಲೆ ನಿಮ್ಮ ಬಕೆಟ್ ಸದ್ದು ಕೇಳ್ತಿದ್ದ ಹಾಗೇ ಇಲ್ಲಿ ನೊರೆ ಬರೋದು. ದಿನಾ ನೋಡ್ತಿದ್ನಲ್ಲ."

"ಮತ್ತೆ ಒಂದು ಮಾತು ಹೇಳಬಾರದಿತ್ತಾ ಮಾವ?"

"ಹೇಗೆ ಹೇಳಲಿ ಅಳಿಯಂದ್ರೇ?" ಮಾವನ ದನಿ ಇನ್ನೂ ಮೆಲ್ಲಗಾಯಿತು. "ಅಳಿಯನ ಮನೇಲಿ ಉಂಡ್ಕೊಂಡು, ಮಲಗ್ಕೊಂಡು, ಅಳಿಯನ ಕಾರಿಗೇ ಹೆಸರಿಡೋದಾ? ಅದರ ಮೇಲೆ ನಿಮಗೆ ಅಷ್ಟು ಪ್ರೀತಿ. ಹೇಳೋದಕ್ಕಿಂತ ಹೋಗೋದೇ ಸುಲಭ ಅನ್ನಿಸ್ತು."

ಷಡ್ಡಕನ ನಗು ಅಲ್ಲಿಗೆ ನಿಂತಿತು. ಇಷ್ಟು ದಿನ ಮಾವ ಮನೆಯಲ್ಲಿ ಎಲ್ಲದಕ್ಕೂ ಹೂಂ ಅಂದದ್ದು, ಆರಿದ ಕಾಫಿಯನ್ನು ಹೊಗಳಿದ್ದು, ಕೇಳಿದ ಕಥೆಯನ್ನೇ ಮತ್ತೆ ಕೇಳಿದ್ದು, ಎಲ್ಲ ಮೇಷ್ಟ್ರ ಕಣ್ಣ ಮುಂದೆ ಬಂತು. ಇದೇನು ಮನೆಯವರು ಇರುವ ರೀತಿಯೇ? ನೆಂಟರ ಮನೆಯ ವರಾಂಡದಲ್ಲಿ ಚಪ್ಪಲಿ ಬಿಟ್ಟು ಕೂತವರ ರೀತಿ. ತಾನು ಅವರನ್ನು ಅಪ್ಪ ಅಂದುಕೊಂಡಿದ್ದೆ, ಅವರು ತನ್ನನ್ನು ಮನೆಯ ಯಜಮಾನ ಅಂದುಕೊಂಡಿದ್ದರು. ಮೇಷ್ಟ್ರಿಗೆ ಅಳು ಬಂತು. ಅಷ್ಟು ಜನರ ಮುಂದೆ ಅತ್ತರೂ ಅತ್ತರು ಅನ್ನಿ, ಅದರಲ್ಲಿ ಮುಚ್ಚುಮರೆ ಯಾಕೆ. ಕಣ್ಣೊರೆಸಿಕೊಂಡ ಮೇಲೆ ಮುಖವೂ ನೀಲಿಯಾಯಿತು.

"ಮಾವ, ಊರಿನವರಿಗೆಲ್ಲ ನಾನು ಪಕ್ಕದಲ್ಲಿ ಕೂತು ಬ್ರೇಕ್ ಹಾಕ್ತೀನಿ," ಅಂದರು. "ನನಗೆ ಹಾಕೋರು ಯಾರಿದ್ದಾರೆ? ನೀವೇ ಹೀಗೆ ಸುಮ್ಮನಿದ್ಬಿಟ್ರೆ?"

ಮಾವ ಎದ್ದು ಬಟ್ಟೆಯ ಧೂಳು ಕೊಡವಿಕೊಂಡು, ಮಳೆ ಬರುವವರೆಗೂ ಇರ್ತೀನಿ, ಕೊಳ ಸರಿಹೋಗುತ್ತೋ ಇಲ್ಲವೋ ಆಮೇಲೆ ನೋಡೋಣ ಅಂದರು. ಮೇಷ್ಟ್ರು ಇನ್ನೊಂದು ಮಾತಿಗೆ ಕಾಯದೆ ಷಡ್ಡಕನ ಡಿಕ್ಕಿಯಿಂದ ಸೂಟ್‌ಕೇಸು ಇಳಿಸಿದರು. ಅದರ ಹಿಡಿಯ ಮೇಲೆ ನೀಲಿ ಬೆರಳಿನ ಗುರುತು ಇವತ್ತಿಗೂ ಇದೆ.

ಅವತ್ತು ಮಧ್ಯಾಹ್ನವೆಲ್ಲ ಮೇಷ್ಟ್ರು ಮೊಣಕಾಲವರೆಗೆ ಪ್ಯಾಂಟು ಮಡಚಿ ಮೋರಿಯ ಬಾಯನ್ನು ಬಾಚಿದರು. ಕೊಟ್ಟ ಮಾತು ಕೊಟ್ಟ ಮಾತೇ. ಉಳಿದ ಮೂವರು ದಡದಲ್ಲಿ ನಿಂತು, ಅಲ್ಲಿ ಇನ್ನೂ ಸ್ವಲ್ಪ ಇದೆ, ಇಲ್ಲಿ ಸ್ವಲ್ಪ ಇದೆ ಅಂತ ತೋರಿಸಿಕೊಟ್ಟರು. ತಾವು ಮೂವರೂ ಹಾಲಿನಲ್ಲಿ ಮಿಂದವರು ಅನ್ನುವ ಹಾಗೆ ಬೀಗುತ್ತಿದ್ದರು, ನೋಡುವುದಕ್ಕೆ ಮೈ ಉರಿಯುತ್ತಿತ್ತು.

ಆ ಜಂಬ ಮಳೆಯವರೆಗೆ. ವಾರ ಕಳೆಯುವುದರೊಳಗೆ ಒಂದು ಸಂಜೆ ಆಕಾಶ ಕಪ್ಪಿಟ್ಟು ಧೋ ಅಂತ ಸುರಿಯಿತು. ಮಾವ ಕೊಡೆ ಹಿಡಿದು ಕೊಳದ ಕಡೆ ಹೊರಟರು, ಹಿಂದೆಯೇ ಮೇಷ್ಟ್ರು, ಅವರ ಹಿಂದೆ ತಮಾಷೆ ನೋಡಲು ಬೀದಿಗೆ ಬೀದಿಯೇ. ಮೋರಿಯಲ್ಲಿ ಮೊದಲು ಕೆಸರು ನೀರು ಬಂತು, ಎಲೆ ಬಂತು, ನೊರೆ ಬರಲಿಲ್ಲ. ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಹಳದಿ ಬಂತು. ಹಳದಿಯ ಜೊತೆ ಎಣ್ಣೆಯ ಪದರ ತೇಲಿ ಬಂತು. ಅದರ ಹಿಂದೆಯೇ ಕೆಂಪು ಬಂತು. ಕೊನೆಗೆ ಹಸಿರು ಬಂತು, ಜೊತೆಗೆ ಏನೇನು ಬಂತು ಅಂತ ಬಿಡಿಸಿ ಹೇಳುವುದು ಬೇಡ. ಒಣಗಿ ಚರಂಡಿಯಲ್ಲೇ ಅಂಟಿಕೊಂಡಿದ್ದ ಬಣ್ಣವನ್ನೆಲ್ಲ ಮಳೆ ತೊಳೆದು ತಂದು ಎಲ್ಲರ ಕಾಲ ಬುಡದಲ್ಲಿ ಸುರಿದಿತ್ತು. ಮೆಕ್ಯಾನಿಕ್ಕು ಕೊಡೆ ಮುಖಕ್ಕೆ ಅಡ್ಡ ಹಿಡಿದ. ಗುಲಾಬಿ ಟೀಚರ್ ಕನ್ನಡಕ ತೆಗೆದು ಒರೆಸತೊಡಗಿದರು. ಡಾಕ್ಟರು ಅಭ್ಯಾಸಬಲದಿಂದ ಆಕಾಶ ನೋಡಿದರು. ಕಣ್ಣಿಗೆ ಮಳೆ ಬಿತ್ತು.

ಮೇಷ್ಟ್ರು ಯಾರನ್ನೂ ಆಡಿಕೊಳ್ಳಲಿಲ್ಲ. ಆಡಿಕೊಳ್ಳಬೇಕು ಅಂತ ನಾಲಗೆ ತುರಿಸುತ್ತಿತ್ತು, ಅದು ಬೇರೆ ಮಾತು. ಮಾರನೇ ದಿನ ಯಾರೂ ಹೇಳದೆಯೇ ಮೆಕ್ಯಾನಿಕ್ಕು ಸ್ಕೂಟರುಗಳ ಕೆಳಗೆ ತಗಡಿನ ತಟ್ಟೆ ಇಟ್ಟು, ಚೆಲ್ಲಿದ ಎಣ್ಣೆಗೆ ಮರದ ಹೊಟ್ಟು ಹಾಕಿ ಗುಡಿಸಿ ತೆಗೆದ. ಟೀಚರ್ ಮೋಡ ಕಂಡ ದಿನ ಗೊಬ್ಬರದ ಚೀಲದ ಬಾಯಿ ಕಟ್ಟಿಡತೊಡಗಿದರು, ಗುಲಾಬಿಗಳೇನೂ ಮುನಿಸಿಕೊಳ್ಳಲಿಲ್ಲ. ಡಾಕ್ಟರು ಚೀಲ ಹಿಡಿದು ನಾಯಿಯ ಹಿಂದೆ ಬಗ್ಗಿ ನಡೆಯುವುದನ್ನು ನೋಡಿದವರಿಗೆ ಅವರ ಹತ್ತಿರ ಹಲ್ಲು ಕೀಳಿಸಿಕೊಂಡ ನೋವು ಸ್ವಲ್ಪ ಕಡಿಮೆಯಾಯಿತಂತೆ. ಮೇಷ್ಟ್ರ ಕಾರು ಈಗ ಮನೆಯ ಹಿಂದೆ ಹುಲ್ಲಿನ ಮೇಲೆ ನಿಲ್ಲುತ್ತದೆ. ಮಾಡಿನ ಮಳೆನೀರು ಒಂದು ಡ್ರಮ್ಮಿನಲ್ಲಿ ತುಂಬಿಕೊಳ್ಳುತ್ತದೆ. ಸೋಪಿಲ್ಲ, ಪೈಪಿಲ್ಲ, ಎಂದೋ ಒಮ್ಮೆ ಒಂದು ಬಕೆಟ್ಟು, ಒಂದು ಬಟ್ಟೆ. ನೀರು ಅಲ್ಲೇ ಮಣ್ಣಿಗೆ ಇಂಗುತ್ತದೆ. ಕಾರು ಮೊದಲಿನಷ್ಟು ಹೊಳೆಯುವುದಿಲ್ಲ. ಶಿಷ್ಯರು ಮೊದಲಿನ ಹಾಗೇ ಕಂಬಕ್ಕೆ ಗುದ್ದುತ್ತಾರೆ.

ಇನ್ನು ಮಾವ. ಮಳೆ ಬಂದ ಮಾರನೇ ಬೆಳಗ್ಗೆ ಮೇಷ್ಟ್ರು ಎದ್ದಾಗ ಮಾವ ಆಗಲೇ ಊಟದ ಮೇಜಿನ ಮುಂದೆ ಕೂತಿದ್ದರು. ಸೂಟ್‌ಕೇಸು ಎಲ್ಲಿದೆ ಅಂತ ನೋಡುವ ಧೈರ್ಯ ಮೇಷ್ಟ್ರಿಗಾಗಲಿಲ್ಲ. ಹೆಂಡತಿ ಕಾಫಿ ತಂದಿಟ್ಟಳು. ಮಾವ ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ ಲೋಟ ಕೆಳಗಿಟ್ಟರು.

"ಏನಮ್ಮಾ ಇದು, ಕಾಫಿನಾ ಕಲಗಚ್ಚಾ?" ಅಂದರು. "ಇಷ್ಟು ದಿನ ಇದನ್ನೇ ಕುಡಿದ್ನಲ್ಲ, ನನಗೆ ಬುದ್ಧಿ ಬೇಡ್ವಾ? ಮತ್ತೆ ಆ ಫ್ಯಾನಿಗೆ ಎಣ್ಣೆ ಹಾಕ್ಸೋ ಮಾರಾಯ, ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ಕಂಬ ಗುದ್ದಿದವನ ಕಥೆ ಇವತ್ತಿಗೆ ಸಾಕು, ಬೇರೆ ಏನಾದ್ರೂ ಇದ್ರೆ ಹೇಳು."

ಹೆಂಡತಿ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಳು. ಮೇಷ್ಟ್ರು ಎದ್ದು ಹೋಗಿ ಬೀರುವಿನ ಮೇಲೆ ನೋಡಿದರು. ಸೂಟ್‌ಕೇಸು ಅಲ್ಲಿತ್ತು, ಖಾಲಿ. ಅಲ್ಲಿಂದ ಸೀದಾ ಫ್ಯಾನಿಗೆ ಎಣ್ಣೆ ಹುಡುಕಲು ಹೋದರು.